ಎಲ್ಲರ ಡಿಎನ್ಎ ಒಂದೇ ಅಂದಮೇಲೆ, ಬ್ಯಾಕ್ಟೀರಿಯಾದ್ದು ಯಾವುದು ಅಂತ ದೇಹಕ್ಕೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಅಕ್ಕನಿಗೆ ಎರಡು ವರ್ಷದಿಂದ ಲೂಪಸ್ ಇದೆ, ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಡಾಕ್ಟರು ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಕೊಟ್ಟಿದ್ದಾರೆ, ಅದು ಮಲೇರಿಯಾ ಮಾತ್ರೆ ಅಂತ ಓದಿದೆ. ರಕ್ತಪರೀಕ್ಷೆಯಲ್ಲಿ ಡಿಎನ್ಎ ವಿರುದ್ಧದ ಆಂಟಿಬಾಡಿ ಜಾಸ್ತಿ ಇದೆ ಅಂದರು. ದೇಹ ತನ್ನದೇ ಡಿಎನ್ಎಯನ್ನು ಬ್ಯಾಕ್ಟೀರಿಯಾದ್ದು ಅಂದುಕೊಳ್ಳುತ್ತಾ? ಎಲ್ಲ ಜೀವಿಗಳಲ್ಲೂ ಅದೇ ನಾಲ್ಕು ಅಕ್ಷರ ಅಲ್ವಾ? ಹಾಗಿದ್ದರೆ ಯಾವುದು ನಮ್ಮದು, ಯಾವುದು ಬ್ಯಾಕ್ಟೀರಿಯಾದ್ದು ಅಂತ ಮೊದಲು ಗೊತ್ತಾಗುವುದಾದರೂ ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎರಡನೆಯದರಿಂದಲೇ ಶುರು ಮಾಡಬೇಕು. ಸ್ವಲ್ಪ ಉದ್ದ ಆಗುತ್ತದೆ, ನಿಧಾನವಾಗಿ ಓದಿ.

ಕಾಲೇಜಿನ ಲ್ಯಾಬಿನಲ್ಲಿ ಈರುಳ್ಳಿಯಿಂದಲೋ ಬಾಳೆಹಣ್ಣಿನಿಂದಲೋ ಡಿಎನ್ಎ ತೆಗೆದಿರುತ್ತೀರಿ. ತಣ್ಣಗಿನ ಸ್ಪಿರಿಟ್ಟನ್ನು ಕೊಳವೆಯ ಗೋಡೆಗುಂಟ ಮೆಲ್ಲಗೆ ಇಳಿಸಿದರೆ ಎರಡು ದ್ರವ ಸೇರುವ ಗೆರೆಯಲ್ಲಿ ಬಿಳಿ ಎಳೆಗಳು ಮೇಲೇಳುತ್ತವೆ, ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತವೆ. ಕರುವಿನ ಗ್ರಂಥಿಯಿಂದ ತೆಗೆದರೂ ಹಾಗೇ, ಈ. ಕೋಲೈ ಬ್ಯಾಕ್ಟೀರಿಯಾದಿಂದ ತೆಗೆದರೂ ಹಾಗೇ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಎರಡನ್ನೂ ಬೇರೆ ಬೇರೆಯಾಗಿ ಇಲಿಯ ಬಿಳಿ ರಕ್ತಕಣಗಳ ಮೇಲೆ ಹಾಕಿ ನೋಡಿ. ಕರುವಿನ ಡಿಎನ್ಎಗೆ ಆ ಕಣಗಳು ಸುಮ್ನೆ ಇರುತ್ತವೆ. ಬ್ಯಾಕ್ಟೀರಿಯಾದ್ದಕ್ಕೆ ಕೆರಳುತ್ತವೆ.

ಇದನ್ನು ಮೊದಲು ಕಂಡವರು ಜಪಾನಿನವರು. ಟೊಕುನಾಗ ಮತ್ತು ಅವರ ಜೊತೆಯವರು ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾದಲ್ಲಿ ಗೆಡ್ಡೆಗಳನ್ನು ಕುಗ್ಗಿಸುವಂಥದ್ದು ಏನಿದೆ ಎಂದು ಹುಡುಕುತ್ತಿದ್ದರು. ನಾವು ಹುಟ್ಟಿದ ಕೂಡಲೇ ತೋಳಿಗೆ ಹಾಕಿಸಿಕೊಂಡ ಅದೇ ಬಿಸಿಜಿ. 1984ರಲ್ಲಿ ಅವರು ಹೇಳಿದ್ದು, ಆ ಗುಣ ಇರುವುದು ಅದರ ಡಿಎನ್ಎ ಭಾಗದಲ್ಲಿ ಎಂದು. ಅಲ್ಲಿಯವರೆಗೆ ಡಿಎನ್ಎ ಅಂದರೆ ರೋಗನಿರೋಧಕ ವ್ಯವಸ್ಥೆ ಗಮನಿಸದ ವಸ್ತು ಅಂತಲೇ ಹೆಚ್ಚಿನವರ ನಂಬಿಕೆ. ಹಾಗಾಗಿ ಇದನ್ನು ಹಲವರು ಒಪ್ಪಲಿಲ್ಲ.

ಒಪ್ಪದೇ ಇದ್ದುದಕ್ಕೆ ಒಳ್ಳೆಯ ಕಾರಣವೂ ಇತ್ತು. ಈ. ಕೋಲೈನಂಥ ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ವಸ್ತು ಇದೆ. ಅದರ ಒಂದು ಚೂರು ಸಾಕು, ಬಿಳಿ ರಕ್ತಕಣಗಳು ಎದ್ದು ಕೂರುತ್ತವೆ. ಡಿಎನ್ಎ ಜೊತೆ ಅದು ಅಂಟಿಕೊಂಡು ಬಂದಿದ್ದರೆ? ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನನ್ನ ಆರು ವಾರದ ಕೆಲಸ ಹೀಗೇ ಹೋಯಿತು. ಗ್ರಾಫ್ ಚೆನ್ನಾಗಿ ಬಂದಿತ್ತು, ಡಿಎನ್ಎ ಜಾಸ್ತಿ ಹಾಕಿದಷ್ಟೂ ಪ್ರತಿಕ್ರಿಯೆ ಜಾಸ್ತಿ. ಆಮೇಲೆ ಡಿಎನ್ಎ ಕತ್ತರಿಸುವ ಕಿಣ್ವ ಹಾಕಿ ನೋಡಿದೆ. ಡಿಎನ್ಎ ಪೂರ್ತಿ ಪುಡಿಯಾದ ಮೇಲೂ ಪ್ರತಿಕ್ರಿಯೆ ಅಷ್ಟೇ ಇತ್ತು. ಅಂದರೆ ನಾನು ಅಳೆದದ್ದು ಎಲ್‌ಪಿಎಸ್ಸನ್ನು. ಈ ಕ್ಷೇತ್ರದಲ್ಲಿ ಯಾರು ಏನೇ ಹೇಳಿದರೂ ನಾನು ಮೊದಲು ಹುಡುಕುವುದು ಆ ಒಂದು ಪರೀಕ್ಷೆಯನ್ನು: ಡಿಎನ್ಎ ಕತ್ತರಿಸಿದರೆ ಪರಿಣಾಮ ನಿಲ್ಲುತ್ತದೆಯೇ? ಜಪಾನಿನವರ ಪ್ರಯೋಗದಲ್ಲಿ ನಿಂತಿತ್ತು. ಎಲ್‌ಪಿಎಸ್‌ಗೆ ಪ್ರತಿಕ್ರಿಯೆಯನ್ನೇ ತೋರದ ಒಂದು ತಳಿಯ ಇಲಿಗಳಿವೆ, ಅವು ಕೂಡ ಬ್ಯಾಕ್ಟೀರಿಯಾದ ಡಿಎನ್ಎಗೆ ಪ್ರತಿಕ್ರಿಯಿಸಿದವು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅಕ್ಷರಗಳು ಅವೇ ನಾಲ್ಕು, ಎ, ಟಿ, ಜಿ, ಸಿ. ಇವುಗಳಲ್ಲಿ ಎರಡೆರಡನ್ನು ಅಕ್ಕಪಕ್ಕ ಇಟ್ಟರೆ 16 ಜೋಡಿ ಆಗುತ್ತವೆ. ಎಲ್ಲ ಸಮವಾಗಿ ಹಂಚಿದ್ದರೆ ಸಿ ಆದಮೇಲೆ ಜಿ ಬರುವ ಜೋಡಿ, ಅಂದರೆ ಸಿಪಿಜಿ, ಹದಿನಾರಕ್ಕೆ ಒಂದು ಸಿಗಬೇಕು. ಈ. ಕೋಲೈನಂಥ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಹಾಗೇ ಸಿಗುತ್ತದೆ. ನಮ್ಮಲ್ಲಿ ಸಿಗುವುದು ಅದರ ನಾಲ್ಕನೇ ಒಂದೋ ಐದನೇ ಒಂದೋ ಪಾಲು ಮಾತ್ರ. ಉಳಿದಿರುವ ಆ ಸ್ವಲ್ಪದಲ್ಲೂ ಶೇ 70ರಿಂದ 80ರಷ್ಟು ಜೋಡಿಗಳ ಸಿ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಂಡಿರುತ್ತದೆ, ಅಕ್ಷರದ ನೆತ್ತಿಗೆ ಒಂದು ಬೊಟ್ಟು ಇಟ್ಟ ಹಾಗೆ. ಬ್ಯಾಕ್ಟೀರಿಯಾಗಳೂ ಬೊಟ್ಟು ಇಡುತ್ತವೆ, ಆದರೆ ಬೇರೆ ಕಡೆ. ಈ. ಕೋಲೈ ಮುಖ್ಯವಾಗಿ ಇಡುವುದು ಜಿಎಟಿಸಿ ಎಂಬ ನಾಲ್ಕಕ್ಷರದೊಳಗಿನ ಎ ಮೇಲೆ. ಅದರ ಸಿಪಿಜಿ ಬೋಳಾಗಿಯೇ ಇರುತ್ತದೆ.

ನಮ್ಮಲ್ಲಿ ಸಿಪಿಜಿ ಕಡಿಮೆ ಆದದ್ದು ಯಾಕೆ ಗೊತ್ತಾ? ಆ ಬೊಟ್ಟಿನಿಂದಲೇ. ಮೀಥೈಲ್ ಇರುವ ಸಿ ತಾನಾಗಿಯೇ ಕೆಟ್ಟು ಟಿ ಆಗಿಬಿಡುವ ಸಾಧ್ಯತೆ ಜಾಸ್ತಿ, ಆ ತಪ್ಪು ರಿಪೇರಿಯಾಗದೆ ಉಳಿದು ಹೋಗುವುದೂ ಜಾಸ್ತಿ. ಕೋಟ್ಯಂತರ ವರ್ಷಗಳಲ್ಲಿ ಬೊಟ್ಟಿಟ್ಟ ಜೋಡಿಗಳು ಹೀಗೆ ಒಂದೊಂದಾಗಿ ಸವೆದವು. ಜೀನುಗಳನ್ನು ಮುಚ್ಚಿಡಲು ಬಳಕೆಗೆ ಬಂದ ಒಂದು ಗುರುತು ನಮ್ಮ ಡಿಎನ್ಎಯನ್ನೇ ಬ್ಯಾಕ್ಟೀರಿಯಾದ್ದಕ್ಕಿಂತ ಬೇರೆಯಾಗಿ ಕಾಣುವಂತೆ ಮಾಡಿತು, ಆ ವ್ಯತ್ಯಾಸವನ್ನು ರೋಗನಿರೋಧಕ ವ್ಯವಸ್ಥೆ ಹಿಡಿದುಕೊಂಡಿತು. ಈ ಭಾಗವನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಬೇಸರ ಬಂದಿಲ್ಲ.

ಸಿಪಿಜಿಯೇ ಇದರ ಗುಟ್ಟು ಎಂದು ಖಚಿತವಾಗಿ ತೋರಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಆರ್ಥರ್ ಕ್ರೀಗ್ ಮತ್ತು ತಂಡ, 1995ರಲ್ಲಿ. ಲ್ಯಾಬಿನಲ್ಲಿ ತಯಾರಿಸಿದ ಪುಟ್ಟ ಡಿಎನ್ಎ ತುಣುಕುಗಳನ್ನು ಬಿ ಕೋಶಗಳಿಗೆ, ಅಂದರೆ ಆಂಟಿಬಾಡಿ ಮಾಡುವ ಬಿಳಿ ರಕ್ತಕಣಗಳಿಗೆ, ಹಾಕಿದಾಗ ಕೆಲವು ತುಣುಕು ಕೋಶಗಳನ್ನು ಕೆರಳಿಸುತ್ತಿದ್ದವು, ಕೆಲವು ಇಲ್ಲ. ಕೆರಳಿಸುವ ತುಣುಕುಗಳಲ್ಲೆಲ್ಲ ಬೋಳು ಸಿಪಿಜಿ ಇತ್ತು. ಆ ಸಿ ಮೇಲೆ ಮೀಥೈಲ್ ಇಟ್ಟರೆ, ಅಥವಾ ಅಕ್ಷರಗಳ ಸಾಲು ತಿರುಗಿಸಿ ಜಿ-ಸಿ ಮಾಡಿದರೆ, ಕೆರಳಿಸುವ ಗುಣ ಹೋಗುತ್ತಿತ್ತು. ತುಣುಕಿನ ಉಳಿದ ಭಾಗವೆಲ್ಲ ಹಾಗೇ ಇದೆ, ಎರಡು ಅಕ್ಷರ ಅದಲುಬದಲು, ಅಷ್ಟೇ.

ಅದನ್ನು ಓದುವ ಪ್ರೋಟೀನ್ ಸಿಕ್ಕಿದ್ದು 2000ದಲ್ಲಿ, ಒಸಾಕಾ ವಿಶ್ವವಿದ್ಯಾಲಯದ ಶಿಜುವೊ ಅಕಿರಾ ಅವರ ಲ್ಯಾಬಿನಲ್ಲಿ. ಹೊರಗಿನಿಂದ ಬಂದದ್ದರ ಗುರುತು ಹಿಡಿಯುವ ಪ್ರೋಟೀನುಗಳಿಗೆ ಗ್ರಾಹಕ ಅನ್ನುತ್ತಾರೆ. ಟೋಲ್ ರೀತಿಯ ಗ್ರಾಹಕಗಳ ಗುಂಪಿನ ಒಂಬತ್ತನೆಯದು ಇದು, ಟಿಎಲ್‌ಆರ್-9. ಆ ಜೀನು ತೆಗೆದ ಇಲಿಗಳಿಗೆ ಸಿಪಿಜಿ ಡಿಎನ್ಎ ಕೊಟ್ಟರೆ ಏನೂ ಆಗಲಿಲ್ಲ. ಜೀನು ಇರುವ ಇಲಿಗಳು ಅದೇ ಡೋಸಿಗೆ ಆಘಾತಕ್ಕೊಳಗಾದವು.

ಈಗ ಒಂದು ಬ್ಯಾಕ್ಟೀರಿಯಾವನ್ನು ಹಿಂಬಾಲಿಸೋಣ. ಕೋಶ ಅದನ್ನು ನುಂಗುತ್ತದೆ. ಅದು ಒಂದು ಗುಳ್ಳೆಯೊಳಗೆ ಬಂದು ಕೂರುತ್ತದೆ. ಆ ಗುಳ್ಳೆಯ ಗೋಡೆಯಲ್ಲಿ ಪಂಪುಗಳಿವೆ, ಅವು ಒಳಗೆ ಆಮ್ಲ ತುಂಬುತ್ತಾ ಹೋಗುತ್ತವೆ, ಪಿಎಚ್ ಏಳರ ಹತ್ತಿರ ಇದ್ದದ್ದು ಐದಕ್ಕೆ ಇಳಿಯುತ್ತದೆ. ಹುಳಿ ಏರಿದ ಮೇಲೆ ಕೆಲಸ ಮಾಡುವ ಕಿಣ್ವಗಳು ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತವೆ, ಡಿಎನ್ಎ ಹೊರಗೆ ಬೀಳುತ್ತದೆ, ಡಿಎನ್ಏಸ್-2 ಎಂಬ ಕಿಣ್ವ ಅದನ್ನು ತುಂಡು ಮಾಡುತ್ತದೆ. ಟಿಎಲ್‌ಆರ್-9 ಅದೇ ಗುಳ್ಳೆಗೆ ಇನ್ನೊಂದು ದಾರಿಯಿಂದ ಬರುತ್ತದೆ, ಒಂದು ಜೊತೆಗಾರ ಪ್ರೋಟೀನು ಅದನ್ನು ಕೈಹಿಡಿದು ಕರೆತರುತ್ತದೆ. ಬಂದ ಮೇಲೂ ಕೂಡಲೇ ಕೆಲಸಕ್ಕೆ ಇಳಿಯುವುದಿಲ್ಲ. ಅಲ್ಲಿನ ಕಿಣ್ವಗಳು ಅದನ್ನೂ ಕತ್ತರಿಸಬೇಕು, ಕತ್ತರಿಸಿದ ಮೇಲೇ ಅದು ಡಿಎನ್ಎ ಹಿಡಿದು ಸುದ್ದಿ ಕೊಡಲು ತಯಾರು. ಕುದುರೆ ಲಾಳದ ಆಕಾರದ ಎರಡು ಟಿಎಲ್‌ಆರ್-9, ನಡುವೆ ಸಿಪಿಜಿ ಇರುವ ಎರಡು ತುಣುಕು, ಹೀಗೆ ಅವು ಜೋಡಿಯಾಗುತ್ತವೆ. ಆಗ ಗುಳ್ಳೆಯ ಹೊರಗಿನ ಅವುಗಳ ಬಾಲಗಳು ಹತ್ತಿರ ಬಂದು ಸುದ್ದಿ ಹೊರಡುತ್ತದೆ, ಒಂದು ಪ್ರೋಟೀನಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಗೆ ನ್ಯೂಕ್ಲಿಯಸ್ಸಿನ ಜೀನುಗಳವರೆಗೆ. ಉರಿಯೂತದ ರಾಸಾಯನಿಕಗಳು ತಯಾರಾಗುತ್ತವೆ. ಬಿ ಕೋಶ ಆಗಿದ್ದರೆ ಸಂಖ್ಯೆ ಹೆಚ್ಚಿಸಿಕೊಂಡು ಆಂಟಿಬಾಡಿ ಮಾಡಲು ಅಣಿಯಾಗುತ್ತದೆ. ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶ ಅಂತ ಒಂದಿದೆ, ರಕ್ತದ ಬಿಳಿ ಕಣಗಳಲ್ಲಿ ಶೇ 1ಕ್ಕಿಂತ ಕಡಿಮೆ, ಅದು ಸುರಿಯುವ ಇಂಟರ್ಫೆರಾನ್, ಅಂದರೆ ಸುತ್ತಲಿನ ಕೋಶಗಳಿಗೆ ಸೋಂಕಿನ ಎಚ್ಚರಿಕೆ ಕೊಡುವ ಪ್ರೋಟೀನು, ಮಾತ್ರ ಬೇರೆ ಕೋಶಗಳಿಗಿಂತ ನೂರಾರು ಪಟ್ಟು ಜಾಸ್ತಿ. ಮನುಷ್ಯರಲ್ಲಿ ಟಿಎಲ್‌ಆರ್-9 ಮುಖ್ಯವಾಗಿ ಇರುವುದು ಈ ಎರಡು ಬಗೆಯ ಕೋಶಗಳಲ್ಲೇ. ಇಲಿಗಳಲ್ಲಿ ಇನ್ನೂ ಹಲವು ಕೋಶಗಳಲ್ಲಿದೆ. ಇಲಿಯಲ್ಲಿ ಫಲ ಕೊಟ್ಟ ಸಿಪಿಜಿ ಔಷಧಗಳು ಮನುಷ್ಯರಲ್ಲಿ ಅಷ್ಟು ಫಲ ಕೊಡದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅಭಿಪ್ರಾಯ. ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಜೊತೆ ಸಿಪಿಜಿ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಗಳು 2007ರಲ್ಲೇ ನಿಂತವು.

ಇಲ್ಲಿ ಒಂದು ವಿಷಯ ಗಮನಿಸಿ. ಟಿಎಲ್‌ಆರ್-9 ಯಾಕೆ ಕೋಶದ ಹೊರಮೈ ಮೇಲೆ ಇಲ್ಲ? ಎಲ್‌ಪಿಎಸ್ ಹಿಡಿಯುವ ಟಿಎಲ್‌ಆರ್-4 ಹೊರಮೈ ಮೇಲೇ ಇದೆಯಲ್ಲ. ಯಾಕೆಂದರೆ ಎಲ್‌ಪಿಎಸ್ ನಮ್ಮ ದೇಹದಲ್ಲಿ ತಯಾರಾಗುವುದೇ ಇಲ್ಲ. ಎಲ್ಲಿ ಕಂಡರೂ ಅದು ಹೊರಗಿನದೇ. ಡಿಎನ್ಎ ಹಾಗಲ್ಲ, ನಮ್ಮದೂ ಇದೆ. ದಿನಾ ಲೆಕ್ಕವಿಲ್ಲದಷ್ಟು ಕೋಶಗಳು ಸಾಯುತ್ತವೆ, ಅವುಗಳ ಡಿಎನ್ಎ ರಕ್ತದಲ್ಲಿ ಓಡಾಡುತ್ತದೆ. ನಮ್ಮ ಡಿಎನ್ಎಯಲ್ಲೂ ಬೋಳು ಸಿಪಿಜಿ ಪೂರ್ತಿ ಇಲ್ಲ ಅಂತೇನಲ್ಲ, ಕಡಿಮೆ ಅಷ್ಟೇ. ಟಿಎಲ್‌ಆರ್-9 ಅನ್ನು ಹೊರಗೆ ನಿಲ್ಲಿಸಿದರೆ ಅದು ಇಡೀ ದಿನ ಕೂಗುತ್ತಲೇ ಇರುತ್ತಿತ್ತು. ನುಂಗಿದ್ದು ಮಾತ್ರ ಬರುವ ಗುಳ್ಳೆಯೊಳಗೆ ಇಟ್ಟಿದ್ದರಿಂದ, ಅದಕ್ಕೆ ಕಾಣುವುದು ಹೆಚ್ಚಾಗಿ ಬ್ಯಾಕ್ಟೀರಿಯಾ, ವೈರಸ್‌ಗಳ ಡಿಎನ್ಎ. ಅಲೆದಾಡುವ ನಮ್ಮದು ಅಲ್ಲಿಗೆ ತಲುಪುವ ಮೊದಲೇ ರಕ್ತದ ಕಿಣ್ವಗಳಿಗೆ ಸಿಕ್ಕಿ ಚೂರಾಗಿರುತ್ತದೆ.

ಅಂದರೆ ಅಕ್ಷರ ಅರ್ಧ ಉತ್ತರ, ಜಾಗ ಇನ್ನರ್ಧ. ಮನೆ ಬಾಗಿಲಲ್ಲಿ ಚಪ್ಪಲಿ ಬಿದ್ದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಚಪ್ಪಲಿ ದೇವರ ಮನೆಯಲ್ಲಿ ಕಂಡರೆ? ಯಾರದ್ದು, ಯಾವ ನಂಬರು ಅಂತ ನೋಡುವ ಮೊದಲೇ ಮನೆಮಂದಿಯೆಲ್ಲ ಸೇರುತ್ತಾರೆ.

ಕೋಶದ ಎರಡನೇ ಪಹರೆ ಪೂರ್ತಿ ಹೀಗೇ ಕೆಲಸ ಮಾಡುತ್ತದೆ. ನಮ್ಮ ಡಿಎನ್ಎ ಇರಬೇಕಾದ್ದು ನ್ಯೂಕ್ಲಿಯಸ್ಸಿನಲ್ಲಿ, ಸ್ವಲ್ಪ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ. ಇವೆರಡರ ಹೊರಗಿನ ಕೋಶರಸದಲ್ಲಿ ಡಿಎನ್ಎ ಇರಲೇಬಾರದು. ಅಲ್ಲಿ ಕಾಯುವ ಪ್ರೋಟೀನು ಸಿ-ಗ್ಯಾಸ್. ಅಮೆರಿಕದ ಡಲ್ಲಾಸಿನಲ್ಲಿರುವ ಝಿಜಿಯಾನ್ ಚೆನ್ ಅವರ ಲ್ಯಾಬು ಇದನ್ನು ಕಂಡುಹಿಡಿದು 2013ರಲ್ಲಿ ಪ್ರಕಟಿಸಿತು. ಇದು ಅಕ್ಷರ ಓದುವುದಿಲ್ಲ. ಸಿಪಿಜಿ ಇದೆಯೋ ಇಲ್ಲವೋ ಇದಕ್ಕೆ ಬೇಕಿಲ್ಲ. ಎರಡೆಳೆಯ ಡಿಎನ್ಎ, ಸಾಕಷ್ಟು ಉದ್ದದ್ದು, ಬರಬಾರದ ಜಾಗದಲ್ಲಿ ಬಂದಿದೆ, ಅಷ್ಟು ಸಾಕು. ಕೂಡಲೇ ಸಿಗ್ಯಾಂಪ್ ಎಂಬ ಪುಟ್ಟ ಅಣು ತಯಾರಿಸುತ್ತದೆ, ಅದು ಹೋಗಿ ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಇಂಟರ್ಫೆರಾನ್ ಹೊರಡುತ್ತದೆ. ಇದರ ಜೊತೆಗೆ ಏಮ್-2 ಅಂತ ಇನ್ನೊಂದಿದೆ. ಅದು ಡಿಎನ್ಎ ಕಂಡರೆ ಕೋಶವನ್ನೇ ಸಿಡಿಸಿ ಸಾಯಿಸುತ್ತದೆ, ಒಳಗೆ ಅಡಗಿದ ಬ್ಯಾಕ್ಟೀರಿಯಾಕ್ಕೆ ಮನೆಯೇ ಇಲ್ಲದಂತೆ.

ಬ್ಯಾಕ್ಟೀರಿಯಾದ ಡಿಎನ್ಎ ಕೋಶರಸಕ್ಕೆ ಬರುವುದು ಹೇಗೆ? ನಮ್ಮ ದೇಶದಲ್ಲಿ ಎಲ್ಲರೂ ಹೆಸರು ಕೇಳಿರುವ ಉದಾಹರಣೆಯೇ ಇದೆ, ಕ್ಷಯ. ಕ್ಷಯದ ಬ್ಯಾಕ್ಟೀರಿಯಾ ತನ್ನನ್ನು ನುಂಗಿದ ಗುಳ್ಳೆಯ ಪೊರೆಗೆ ತೂತು ಮಾಡುತ್ತದೆ, ಅದಕ್ಕೆ ಇಎಸ್ಎಕ್ಸ್-1 ಎಂಬ ಸಾಧನ ಇದೆ. ಆ ತೂತಿನ ದಾರಿಯಲ್ಲಿ ಅದರ ಡಿಎನ್ಎಯೂ ಕೋಶರಸಕ್ಕೆ ಸೋರಿ ಸಿ-ಗ್ಯಾಸ್ ಕೈಗೆ ಸಿಗುತ್ತದೆ. ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾದಲ್ಲಿ ಆ ಸಾಧನ ಇಲ್ಲ. ಅದು ದುರ್ಬಲ ಆಗಿರುವುದಕ್ಕೆ ಮುಖ್ಯ ಕಾರಣವೇ ಆ ಕೊರತೆ. ಆದರೆ ಸಿ-ಗ್ಯಾಸ್ ಎಬ್ಬಿಸುವ ಇಂಟರ್ಫೆರಾನ್ ಯಾವಾಗಲೂ ನಮಗೆ ಒಳ್ಳೆಯದೇ ಅಂದುಕೊಳ್ಳಬೇಡಿ. ವೈರಸ್ಸಿಗೆ ಅದು ಒಳ್ಳೆಯ ಮದ್ದು. ಬ್ಯಾಕ್ಟೀರಿಯಾ ವಿಷಯದಲ್ಲಿ ಎಷ್ಟೋ ಸಲ ತಿರುಗುಬಾಣ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಇಂಟರ್ಫೆರಾನ್ ಗ್ರಾಹಕವೇ ಇಲ್ಲದ ಇಲಿಗಳು ಚೆನ್ನಾಗಿ ಬದುಕಿಕೊಳ್ಳುತ್ತವೆ.

ಇದೇ ವಿದ್ಯೆ ಲಸಿಕೆಯಲ್ಲೂ ಬಳಕೆಯಾಗಿದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. 2022ರ ಮಾರ್ಚ್‌ನಲ್ಲಿ ದೇಶದಲ್ಲೆಲ್ಲ 12ರಿಂದ 14 ವರ್ಷದ ಮಕ್ಕಳಿಗೆ ಕೋವಿಡ್‌ಗೆ ಕೊಟ್ಟ ಕೋರ್ಬೆವ್ಯಾಕ್ಸ್ ನೆನಪಿದೆಯಾ? ಹೈದರಾಬಾದಿನ ಬಯಾಲಜಿಕಲ್ ಇ ಕಂಪನಿಯದ್ದು. ಅದರಲ್ಲಿ ವೈರಸ್ಸಿನ ಒಂದು ಪ್ರೋಟೀನು ತುಣುಕಿನ ಜೊತೆ ಸಿಪಿಜಿ 1018 ಎಂಬ 22 ಅಕ್ಷರದ ಡಿಎನ್ಎ ಇದೆ. ಬ್ಯಾಕ್ಟೀರಿಯಾ ಬಂದಿದೆ ಎಂಬ ಸುದ್ದಿಯನ್ನು ಬ್ಯಾಕ್ಟೀರಿಯಾ ಇಲ್ಲದೆಯೇ ಟಿಎಲ್‌ಆರ್-9ಗೆ ಮುಟ್ಟಿಸುವುದು ಅದರ ಕೆಲಸ. ಕಿಣ್ವಗಳು ಬೇಗ ಕತ್ತರಿಸಬಾರದು ಅಂತ ಅದರ ಬೆನ್ನೆಲುಬಿನಲ್ಲಿ ಆಮ್ಲಜನಕದ ಒಂದೊಂದು ಪರಮಾಣುವಿನ ಜಾಗಕ್ಕೆ ಗಂಧಕ ಕೂರಿಸಿರುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕ ಒಂದು ಹೆಪಟೈಟಿಸ್-ಬಿ ಲಸಿಕೆಯಲ್ಲೂ ಇದೇ ತುಣುಕು ಇದೆ. ಹಳೆಯ ಲಸಿಕೆಗಳಿಗೆ ಸಾಮಾನ್ಯವಾಗಿ ಮೂರು ಡೋಸು ಬೇಕಿತ್ತು, ಇದಕ್ಕೆ ಎರಡು ಸಾಕು.

ಈಗ ನಿಮ್ಮ ಅಕ್ಕನ ವಿಷಯ.

ಜಾಗದ ಮೇಲೆ ಇಷ್ಟು ನೆಚ್ಚಿಕೊಂಡ ವ್ಯವಸ್ಥೆಗೆ ಒಂದೇ ಶರತ್ತು, ಕಸ ಚೆನ್ನಾಗಿ ಗುಡಿಸಬೇಕು. ರಕ್ತದಲ್ಲಿ, ಗುಳ್ಳೆಗಳಲ್ಲಿ, ಕೋಶರಸದಲ್ಲಿ, ಎಲ್ಲ ಕಡೆ ಬಿದ್ದ ಡಿಎನ್ಎಯನ್ನು ಚೂರು ಮಾಡುವ ಕಿಣ್ವಗಳಿವೆ. ಅವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಏನಾಗುತ್ತದೆ ಅನ್ನುವುದು ನಮಗೆ ಗೊತ್ತು. ಕೋಶರಸ ಗುಡಿಸುವ ಟ್ರೆಕ್ಸ್-1 ಕೆಟ್ಟ ಕೂಸುಗಳಿಗೆ ಸೋಂಕೇ ಇಲ್ಲದೆ, ಸೋಂಕು ತಗುಲಿದ ಹಾಗೆ ಮಿದುಳಿನಲ್ಲಿ ಉರಿಯೂತ ಬರುತ್ತದೆ, ಇಂಟರ್ಫೆರಾನ್ ಏರಿರುತ್ತದೆ. ರಕ್ತದಲ್ಲಿ ಕೆಲಸ ಮಾಡುವ ಇನ್ನೊಂದು ಕಿಣ್ವ ಕೆಟ್ಟ ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಲೂಪಸ್ ಬರುತ್ತದೆ. ಇವು ಅಪರೂಪದ ಕಾಯಿಲೆಗಳು. ನಿಮ್ಮ ಅಕ್ಕನಿಗೆ ಇವೇ ಇವೆ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನ ಲೂಪಸ್ ಒಂದೇ ಜೀನಿನಿಂದ ಬರುವುದಲ್ಲ. ಆದರೆ ದಾರಿ ಇದೇ.

ಲೂಪಸ್‌ನಲ್ಲಿ ಡಿಎನ್ಎ ವಿರುದ್ಧದ ಆಂಟಿಬಾಡಿಗಳು ಇವೆಯಲ್ಲ, ಅವು ಸತ್ತ ಕೋಶಗಳ ಡಿಎನ್ಎಗೆ ಅಂಟುತ್ತವೆ. ಆಂಟಿಬಾಡಿ ಅಂಟಿದ್ದನ್ನು ಬಿಳಿ ರಕ್ತಕಣಗಳು ಎಳೆದು ನುಂಗುತ್ತವೆ. ಹೀಗೆ, ಎಂದೂ ಆ ಗುಳ್ಳೆಗೆ ಹೋಗಬಾರದ ನಮ್ಮದೇ ಡಿಎನ್ಎ ನೇರವಾಗಿ ಟಿಎಲ್‌ಆರ್-9ರ ಎದುರು ಹೋಗಿ ನಿಲ್ಲುತ್ತದೆ. ಇಂಟರ್ಫೆರಾನ್ ಬರುತ್ತದೆ, ಬಿ ಕೋಶಗಳು ಕೆರಳಿ ಇನ್ನಷ್ಟು ಆಂಟಿಬಾಡಿ ಮಾಡುತ್ತವೆ, ಅವು ಇನ್ನಷ್ಟು ಡಿಎನ್ಎ ಎಳೆದು ತರುತ್ತವೆ. ಚಕ್ರ ತಿರುಗುತ್ತಲೇ ಇರುತ್ತದೆ. ಮೈಟೊಕಾಂಡ್ರಿಯಾದ ಡಿಎನ್ಎ ಸೋರಿದರೆ ಇನ್ನೂ ಕಷ್ಟ. ಮೈಟೊಕಾಂಡ್ರಿಯಾದ ಪೂರ್ವಜ ಬ್ಯಾಕ್ಟೀರಿಯಾವೇ, ಅದರ ಸಿಪಿಜಿ ಮೇಲೆ ಮೀಥೈಲ್ ಬೊಟ್ಟು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಆದರೆ ಸ್ವಲ್ಪ ತಿದ್ದಿ ಹೇಳಬೇಕು. ದೇಹ ಅಕ್ಷರ ತಪ್ಪಾಗಿ ಓದುವುದಕ್ಕಿಂತ ಹೆಚ್ಚಾಗಿ, ತಪ್ಪು ಜಾಗದಲ್ಲಿ ಸಿಕ್ಕಿದ್ದನ್ನು ಓದುತ್ತದೆ. ಇನ್ನೊಂದು ಮಾತನ್ನೂ ಸೇರಿಸಲೇಬೇಕು. ಟಿಎಲ್‌ಆರ್-9 ಒಂದನ್ನೇ ಅಪರಾಧಿ ಮಾಡುವುದು ಸರಿಯಲ್ಲ. ಲೂಪಸ್ ಬರುವ ಇಲಿಗಳಲ್ಲಿ ಅದನ್ನು ತೆಗೆದಾಗ ಕಾಯಿಲೆ ಕಡಿಮೆ ಆಗುವ ಬದಲು ಜಾಸ್ತಿಯಾಯಿತು. ಅದರ ತಮ್ಮನಂತಿರುವ, ಆರ್‌ಎನ್‌ಎ ಓದುವ ಟಿಎಲ್‌ಆರ್-7 ತೆಗೆದರೆ ಕಡಿಮೆಯಾಯಿತು. ಟಿಎಲ್‌ಆರ್-7 ಜೀನಿನ ಒಂದೇ ಬದಲಾವಣೆಯಿಂದ ಒಂದು ಮಗುವಿಗೆ ಲೂಪಸ್ ಬಂದದ್ದನ್ನು 2022ರಲ್ಲಿ ಪ್ರಕಟಿಸಿದ್ದಾರೆ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಆಮ್ಲ ಇರುವ ಗುಳ್ಳೆಗಳಿಗೆ ಕೆಂಪು ಬಣ್ಣ ಹಿಡಿಸಿ ಜೀವಂತ ಕೋಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು ಕಾಣುತ್ತವೆ. ಅದಕ್ಕೆ ಕ್ಲೋರೊಕ್ವಿನ್ ಹಾಕಿ. ನೋಡುತ್ತಿದ್ದ ಹಾಗೇ ಕೆಂಪು ಮಾಸುತ್ತದೆ, ಗುಳ್ಳೆಗಳು ಊದಿಕೊಂಡು ಕೋಶದ ತುಂಬ ಖಾಲಿ ಗುಂಡುಗಳು ಏಳುತ್ತವೆ. ಔಷಧ ಗುಳ್ಳೆಯೊಳಗೆ ಸೇರಿಕೊಂಡು ಅಲ್ಲಿನ ಹುಳಿ ಇಳಿಸಿಬಿಟ್ಟಿದೆ. ಹುಳಿ ಇಲ್ಲದೆ ಆ ಕಿಣ್ವಗಳು ನಡೆಯುವುದಿಲ್ಲ, ಟಿಎಲ್‌ಆರ್-9 ಇರಲಿ, ಟಿಎಲ್‌ಆರ್-7 ಇರಲಿ ಎಚ್ಚರವಾಗುವುದಿಲ್ಲ. ಹೈಡ್ರಾಕ್ಸಿಕ್ಲೋರೊಕ್ವಿನ್ ಅದರದೇ ಸೌಮ್ಯ ರೂಪ. ಅದು ಡಿಎನ್ಎಗೇ ಅಂಟಿಕೊಂಡು ಗ್ರಾಹಕದ ಕೈಗೆ ಸಿಗದಂತೆಯೂ ಮಾಡುತ್ತದೆ. ಮಲೇರಿಯಾ ಪರೋಪಜೀವಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಜೀರ್ಣಿಸಿಕೊಳ್ಳುವುದೂ ಇಂಥದ್ದೇ ಒಂದು ಹುಳಿ ಚೀಲದಲ್ಲಿ. ಮಾತ್ರೆ ಸೇರಿಕೊಳ್ಳುವುದು ಅಲ್ಲಿಗೇ. ಒಂದೇ ಮಾತ್ರೆ ಎರಡು ಕಾಯಿಲೆಗೆ ಆಗಿಬಂದದ್ದು ಹೀಗೆ. ಇಂಟರ್ಫೆರಾನ್ ಗ್ರಾಹಕವನ್ನೇ ಮುಚ್ಚುವ ಅನಿಫ್ರೊಲುಮ್ಯಾಬ್ ಎಂಬ ಇಂಜೆಕ್ಷನ್ನಿಗೂ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದು ಇದೇ ಚಕ್ರವನ್ನು ಇನ್ನೊಂದು ಕಡೆ ತಡೆಯುತ್ತದೆ.

ಅಕ್ಕನಿಗೆ ಮೂರು ಮಾತು ಹೇಳಿ. ಆರಾಮಾಗಿದ್ದೇನೆ ಅನ್ನಿಸಿದಾಗ ಮಾತ್ರೆಯನ್ನು ತಾನಾಗಿ ಬಿಡಬಾರದು. ಇದು ನಿಧಾನವಾಗಿ ಹಿಡಿಯುವ ಔಷಧ, ಹಿಡಿತ ಸಿಗಲು ವಾರಗಳು, ತಿಂಗಳುಗಳು ಬೇಕು. ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ಕಣ್ಣಿನ ರೆಟಿನಾಕ್ಕೆ ತೊಂದರೆ ಆಗುತ್ತದೆ, ಆದ್ದರಿಂದ ಶುರುವಿನಲ್ಲಿ ಒಮ್ಮೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ಮತ್ತೆ ಬಿಸಿಲು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಚರ್ಮದ ಕೋಶಗಳು ಸತ್ತು ಅವುಗಳ ಡಿಎನ್ಎ ಹೊರಗೆ ಚೆಲ್ಲುತ್ತದೆ. ಮಧ್ಯಾಹ್ನ ಹೊರಗೆ ಹೋಗುವಾಗ ಕೊಡೆ ಹಿಡಿಯಿರಿ, ತುಂಬುತೋಳು ಹಾಕಿಕೊಳ್ಳಿ ಅಂತ ಡಾಕ್ಟರು ಹೇಳುವುದು ಇದಕ್ಕೇ.